ಪಾಲಾದ ಜಮೀನಿಗೆ ಪತ್ರವೂ ಆಗಲಿ

(ಸಂಘದ ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಹಿರೀಕರು ಹೇಳ್ತಿದ್ದರು. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಊರಿನ ನ್ಯಾಯಾಲಯಕ್ಕೆ ಹೋದರೂ ಕೈಚೀಲದಲ್ಲಿ ಪಹಣಿ ಇಟ್ಟುಕೊಂಡು ಕೂತ ರೈತರು ಕಾಣುತ್ತಾರೆ. ಎದುರಾಳಿ ಯಾರು? ಹೊರಗಿನವರಲ್ಲ. ಅಣ್ಣ, ತಮ್ಮ, ದಾಯಾದಿ. ಒಮ್ಮೊಮ್ಮೆ ಒಡಹುಟ್ಟಿದ ಅಕ್ಕತಂಗಿ.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ನಾಲೆ ನೀರು ಬಂದ ಕಡೆ ರಾಗಿ ಹೊಲ ಗದ್ದೆಯಾಯಿತು. ಜಮೀನಿಗೆ ಬೆಲೆ ಬಂದಂತೆ ಬದುವಿನ ಒಂದು ಗುಂಟೆಗೂ ಜಗಳ ಬಂತು.

ವ್ಯಾಜ್ಯ ಹುಟ್ಟುವುದು ಹೇಗೆ ನೋಡಿ. ನಮ್ಮಲ್ಲಿ ಪಾಲು ಆಗುವುದು ಊರ ಪಂಚಾಯ್ತಿ ಮುಂದೆ. ಬಿಳಿ ಹಾಳೆಯಲ್ಲಿ ಪಾರೀಖತ್ತು ಬರೆದು, ಹಿರಿಯರು ರುಜು ಹಾಕಿ, ಪೆಟ್ಟಿಗೆಯಲ್ಲಿ ಇಡುತ್ತೇವೆ. ಅವರವರ ಪಾಲು ಅವರವರು ಉಳುತ್ತಾರೆ. ಪಹಣಿಯಲ್ಲಿ ಮಾತ್ರ ಅಜ್ಜನ ಹೆಸರೇ. ಮೂವತ್ತು ವರ್ಷ ಕಳೆದ ಮೇಲೆ ರುಜು ಹಾಕಿದವರು ಯಾರೂ ಇರುವುದಿಲ್ಲ. ಆಗ ಒಬ್ಬನು ಬೋರ್‌ವೆಲ್ ಕೊರೆಸಿ ತೆಂಗು ಇಟ್ಟ ಭಾಗದಲ್ಲೇ ಇನ್ನೊಬ್ಬ ಪಾಲು ಕೇಳಿ ದಾವೆ ಹೂಡುತ್ತಾನೆ. ನೋಂದಣಿ ಇಲ್ಲದ ಆ ಹಾಳೆಯನ್ನು ನ್ಯಾಯಾಲಯದಲ್ಲಿ ನಿಲ್ಲಿಸುವುದು ಕಷ್ಟ. ಪಹಣಿಯೂ ಸಾಲದು, 1964ರ ಭೂಕಂದಾಯ ಕಾಯ್ದೆಯಂತೆ ಅದರ ನಮೂದು ಸುಳ್ಳೆಂದು ರುಜುವಾಗುವ ತನಕ ಮಾತ್ರ ಸರಿ.

ಹೆಣ್ಣುಮಕ್ಕಳ ಮಾತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂತು, ಆದರೆ ಮೊದಲೇ ಮದುವೆಯಾದವರನ್ನು ಬಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಅಂದು ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಬಾಯಿಮಾತಿನ ಪಾಲನ್ನು ಸರ್ಕಾರಿ ದಾಖಲೆಯ ಬಲವಿಲ್ಲದೆ ಸುಲಭವಾಗಿ ಒಪ್ಪಲಾಗದು ಎಂದೂ ಅದೇ ತೀರ್ಪು ಹೇಳಿದೆ. ಅಕ್ಕತಂಗಿಯರು ಪಾಲು ಕೇಳಿದರೆ ಅದು ದುರಾಸೆಯಲ್ಲ ಕಣ್ರಪ್ಪಾ, ಹಕ್ಕು.

ಇನ್ನು ಗೆದ್ದವನ ಕಥೆ. ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಅದರಲ್ಲಿರುತ್ತದೆ. ಕಂದಾಯದ ಜಮೀನನ್ನು ಅಳೆದು ಹಂಚುವ ಕೆಲಸ ಮತ್ತೆ ಕಂದಾಯ ಇಲಾಖೆಗೆ ಹೋಗುತ್ತದೆ. ನಡುವೆ ಮೇಲ್ಮನವಿ ಬಿದ್ದರೆ ಮೊಮ್ಮಕ್ಕಳ ಕಾಲ!

ನಮ್ಮ ತಪ್ಪನ್ನೂ ಹೇಳಬೇಕು. ಬೆಳೆ ಸಾಲಕ್ಕೆ ಬಂದವರ ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರು ಕಂಡು, ಎಷ್ಟೋ ಜನರನ್ನು ನಾವು ಬರಿಗೈಲಿ ಕಳಿಸಿದ್ದೇವೆ. ಮುಂದೇನು ಮಾಡಬೇಕು ಅಂತ ಕೂರಿಸಿ ಹೇಳಲಿಲ್ಲ. ಬಿತ್ತನೆ ಕಾಲಕ್ಕೆ ಅವರು ಬಡ್ಡಿಯವರ ಮನೆಗೆ ಹೋದರು. ಇವತ್ತು ಅದನ್ನು ಹೇಳುತ್ತೇವೆ.

ಒಂದು, ಖಾತೆದಾರರು ತೀರಿಹೋದರೆ ತಡಮಾಡದೆ ಪೌತಿ ಖಾತೆ ಮಾಡಿಸಿ. ಎರಡು, ಹಿರಿಯರು ಇರುವಾಗಲೇ ಅಳತೆ ಮಾಡಿಸಿ, ನಕ್ಷೆ ಸಮೇತ ವಿಭಾಗಪತ್ರ ನೋಂದಣಿ ಮಾಡಿಸಿ. ಅಕ್ಕತಂಗಿಯರನ್ನು ಬಿಟ್ಟು ಬರೆಸಬೇಡಿ. ಆಮೇಲೆ ಪೋಡಿ ಮಾಡಿಸಿ. ಮೂರು, ಈಗಾಗಲೇ ಕೋರ್ಟಿನಲ್ಲಿರುವವರು ಲೋಕ ಅದಾಲತ್ತಿನಲ್ಲಿ ಕೂತು ಮಾತಾಡಿ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು. ಅದರ ಮೇಲೆ ಅಪೀಲಿಲ್ಲ. ಹೆಂಗಸರಿಗೆ, ಪರಿಶಿಷ್ಟರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರ ನೆರವೂ ಉಂಟು.

ಇಪ್ಪತ್ತೈದು ವರ್ಷ ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಂತು ಈ ಸಂಘ ಕಟ್ಟಿದ್ದೇವೆ. ಊರವರನ್ನು ನಂಬಿದ ನಾವು ಒಡಹುಟ್ಟಿದವರ ಜೊತೆ ಒಂದು ದಿನ ಕೂತು ಪತ್ರ ಬರೆಸಲಾರೆವೆ? ಸಂಘ ಚಿರಕಾಲ ಬಾಳಲಿ.