ಬಾಡಿಗೆ ಮನೆಯ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕಟ್ಟುವವನ ಕಷ್ಟವನ್ನು ಹೇಳಿತೇ ಹೊರತು, ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಡುವವನ ಲೆಕ್ಕವನ್ನು ಹೇಳಲಿಲ್ಲ. ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂಥ ಊರುಗಳಲ್ಲಿ ನಿವೃತ್ತ ಉಪಾಧ್ಯಾಯರಾಗಲಿ, ಶೇಂಗಾ ವ್ಯಾಪಾರಿಯಾಗಲಿ, ಕೈಗೆ ಗಂಟು ಬಂದೊಡನೆ ಆಲೋಚಿಸುವುದು ಬಾಡಿಗೆಯ ಮನೆಯನ್ನೇ. ಆ ಗಂಟು ಜೀವಮಾನದಲ್ಲಿ ಒಮ್ಮೆ ಬರುವಂಥದು. ಲೆಕ್ಕ ತಪ್ಪಿದರೆ ತಿದ್ದಿಕೊಳ್ಳಲು ಎರಡನೆಯ ಆಯುಷ್ಯವಿಲ್ಲ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ನಿವೇಶನಕ್ಕೆ 12 ಲಕ್ಷ, ಕಟ್ಟಡಕ್ಕೆ 18 ಲಕ್ಷ, ಒಟ್ಟು 30 ಲಕ್ಷ ರೂಪಾಯಿ. ತಿಂಗಳ ಬಾಡಿಗೆ 8,000; ವರ್ಷಕ್ಕೆ 96,000. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಉಳಿಯುವುದು 88,000. ಕಂದಾಯ, ಸುಣ್ಣಬಣ್ಣ, ನಲ್ಲಿ, ಮೋಟಾರುಗಳ ರಿಪೇರಿಗೆ 15,000 ಕಳೆದರೆ 73,000. ಹಾಕಿದ ಹಣಕ್ಕೆ ಇದು ನೂರಕ್ಕೆ ಎರಡೂವರೆಯೂ ಆಗದು. ಅದೇ ಹಣ ಬ್ಯಾಂಕಿನಲ್ಲಿ ನೂರಕ್ಕೆ ಆರೂವರೆಯಂತೆ ಇದ್ದಿದ್ದರೆ 1,95,000 ಬರುತ್ತಿತ್ತು. ನಡುವಣ 1,22,000 ರೂಪಾಯಿಯನ್ನು ಯಾರು ತುಂಬಿಕೊಡಬೇಕು? ಕಟ್ಟಡವಂತೂ ತುಂಬದು, ಅದು ವರ್ಷವರ್ಷಕ್ಕೂ ಸವೆಯುತ್ತದೆ. ನೆಲವೊಂದೇ ತುಂಬಬೇಕು. ಹಾಗಾದರೆ ಆ 12 ಲಕ್ಷದ ನಿವೇಶನ ಪ್ರತಿವರ್ಷ ನೂರಕ್ಕೆ ಹತ್ತಕ್ಕೂ ಹೆಚ್ಚು ಏರುತ್ತಲೇ ಇರಬೇಕು. ಬಾಡಿಗೆಗೆಂದು ಮನೆ ಕಟ್ಟಿಸುವವನು ನಿಜದಲ್ಲಿ ನೆಲದ ಮೇಲೆ ಪಣ ಒಡ್ಡುತ್ತಾನೆ.

ಈ ನೆಲದ ಬೆಲೆಯಾದರೂ ಎಲ್ಲಿಂದ ಬರುತ್ತದೆ? ನೆಲದ ಗೇಣಿ ಒಡೆಯನ ಶ್ರಮದಿಂದ ಹುಟ್ಟುವುದಿಲ್ಲವೆಂದು ಆಂಗ್ಲ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲೇ ವಾದಿಸಿದ. ನಮ್ಮ ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಅದು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಗೋಡೆಗಳು ಇದ್ದಲ್ಲೇ ಇದ್ದವು, ಗಡಿಗಳು ಸರಿದವು. ಕೊಟ್ಟೂರು ತಾಲ್ಲೂಕು ಕೇಂದ್ರವಾಯಿತು. ಕಚೇರಿ ಬಂದಲ್ಲಿ ನೌಕರ ಬರುತ್ತಾನೆ, ನೌಕರ ಬಂದಲ್ಲಿ ಬಾಡಿಗೆ ಹುಟ್ಟುತ್ತದೆ. ಸರಕಾರದ ಒಂದು ಆದೇಶ ಕೊಟ್ಟದ್ದನ್ನು ಇನ್ನೊಂದು ಆದೇಶ ಒಯ್ಯಬಲ್ಲದು ಎಂಬುದನ್ನೂ ಮರೆಯಲಾಗದು.

ಇನ್ನು ಭೋಗ್ಯದ ಪದ್ಧತಿ. ಮೂರು ಲಕ್ಷ ರೂಪಾಯಿ ಇಡುಗಂಟು ಪಡೆದು, ಬಾಡಿಗೆಯೂ ಇಲ್ಲ ಬಡ್ಡಿಯೂ ಇಲ್ಲ ಎಂದು ಮನೆ ಬಿಟ್ಟುಕೊಡುವುದು. ಮೇಲ್ನೋಟಕ್ಕೆ ಸರಳ. ಆದರೆ ಆ ಹಣ ಮಗಳ ಮದುವೆಗೆ ಕರಗಿತೆಂದರೆ ಮನೆಯ ಒಡೆಯನೇ ಬಾಡಿಗೆದಾರನಿಗೆ ಸಾಲಗಾರ. ಅವಧಿ ಮುಗಿದಾಗ ಹಣ ಹಿಂದಿರುಗಿಸಲಾರದೆ ಇನ್ನೊಬ್ಬನಿಂದ ಇನ್ನೂ ದೊಡ್ಡ ಭೋಗ್ಯ ಪಡೆಯುತ್ತಾನೆ. ಮನೆ ತನ್ನದಾಗಿಯೂ ತನ್ನದಲ್ಲ.

ಬಾಡಿಗೆದಾರ ಹನ್ನೆರಡು ವರ್ಷ ಕುಳಿತರೆ ಮನೆ ಅವನದಾಗುತ್ತದೆ ಎಂಬ ಭಯ ಅನೇಕರಲ್ಲಿದೆ. 1974ರ ಭೂಸುಧಾರಣೆಯ ನೆನಪು ಇದಕ್ಕೆ ಇಂಬು ಕೊಟ್ಟಿರಬಹುದು. ಆದರೆ ಆ ಕಾನೂನು ಉಳುವ ಭೂಮಿಯದು, ವಾಸದ ಮನೆಯದಲ್ಲ. ಬಾಡಿಗೆದಾರನಾಗಿ ಒಳಹೊಕ್ಕವನು, ಆ ಸಂಬಂಧ ಇರುವವರೆಗೆ, ಬರಿಯ ಕಾಲಾವಧಿಯಿಂದ ಒಡೆಯನಾಗಲಾರ. ಭಯಕ್ಕಿಂತ ಒಳ್ಳೆಯ ರಕ್ಷಣೆ ಸ್ಪಷ್ಟವಾದ ಕರಾರುಪತ್ರ ಮತ್ತು ತಿಂಗಳು ತಿಂಗಳ ರಸೀತಿ. ಅವು ಇಬ್ಬರಿಗೂ ಒಳಿತು.

ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆಯದ ವೆಚ್ಚವೊಂದುಂಟು. ‘ಮನೆ ಖಾಲಿ ಇದೆಯೇ?’ ಎಂದು ಕೇಳಿದವನಿಗೆ ‘ನೀವು ಯಾವ ಜನ?’ ಎಂಬ ಮರುಪ್ರಶ್ನೆ ಬರುತ್ತದೆ. ವರ್ಗವಾಗಿ ಬಂದ ಶಿಕ್ಷಕಿ, ಕೈಯಲ್ಲಿ ಸರಕಾರಿ ಸಂಬಳವಿದ್ದೂ, ಆ ಪ್ರಶ್ನೆಯ ಮುಂದೆ ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಗುತ್ತದೆ. ಇತ್ತ ಮನೆ ಬೀಗ ಹಾಕಿಕೊಂಡು ನಿಂತಿರುತ್ತದೆ. ಒಂದು ತಿಂಗಳ ಬೀಗವೆಂದರೆ ವರ್ಷದ ಉತ್ಪನ್ನದ ಹನ್ನೆರಡನೆಯ ಒಂದು ಪಾಲು. ಒಡೆಯನಿಗೆ ಇದು ನಷ್ಟ, ಅವಳಿಗೆ ಅವಮಾನ. ನಷ್ಟವನ್ನು ಮುಂದಿನ ತಿಂಗಳು ತುಂಬಿಕೊಳ್ಳಬಹುದು; ಅವಮಾನಕ್ಕೆ ಆ ಸೌಲಭ್ಯವಿಲ್ಲ.

ಹಾಗಾದರೆ ಬಾಡಿಗೆ ಮನೆ ಕಟ್ಟಿಸಲೇಬಾರದೇ? ಹಾಗಲ್ಲ. ಸಾಲವಿಲ್ಲದೆ, ತುರ್ತಿಗೆ ಬೇಕಾದ ಹಣವನ್ನು ಬೇರೆ ಇಟ್ಟುಕೊಂಡು, ನೀರಿನ ಆಸರೆ ನೋಡಿ, ನೆಲದ ಏರಿಕೆಯನ್ನು ನಂಬದೆ ಬರಿಯ ಬಾಡಿಗೆಯಿಂದಲೇ ತೃಪ್ತನಾಗಬಲ್ಲವನು ಕಟ್ಟಿಸಲಿ. ಉಳಿದವರು ಗೋಡೆ ಏಳುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲು ಹಿಡಿದು ಕುಳಿತುಕೊಳ್ಳುವುದು ಲೇಸು. ಕಾಗದದ ಮೇಲೆ ಕೆಡವುವುದಕ್ಕೆ ಖರ್ಚಿಲ್ಲ.