ಕಚೇರಿಯ ಗಣಕಯಂತ್ರದ ಫ್ಯಾನ್ ಸದ್ದು: ಖರೀದಿ ನಿರ್ಣಯಕ್ಕೆ ಮುನ್ನ ಅರಿಯಬೇಕಾದುದು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಏಪ್ರಿಲ್ ತಿಂಗಳ ಮಧ್ಯಾಹ್ನ ಗ್ರಾಮ ಪಂಚಾಯಿತಿ ಕಚೇರಿಗೆ ಕಾಲಿಟ್ಟವರಿಗೆ ಎಷ್ಟೋ ವೇಳೆ ಮೊದಲು ಕೇಳಿಸುವುದು ಮನುಷ್ಯರ ಮಾತಲ್ಲ, ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಹೊರಡುವ ಹುಯ್ಯೆಂಬ ಸದ್ದು. ಡಾಟಾ ಎಂಟ್ರಿ ಆಪರೇಟರ್ ಅದಕ್ಕೆ ಒಗ್ಗಿಹೋಗಿರುತ್ತಾರೆ. ಸರತಿಯಲ್ಲಿ ನಿಂತವರು ಅದು ಯಂತ್ರದ ಸಹಜ ಗುಣವೆಂದೇ ತಿಳಿದಿರುತ್ತಾರೆ. ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ, ನಮೂನೆ-9 ಪಡೆಯಲು ದೂರದ ಹಳ್ಳಿಯಿಂದ ಬಂದು ಕುಳಿತವರ ಎದುರಿನಲ್ಲೇ ಪರದೆ ಕಪ್ಪಾಗುತ್ತದೆ. ಮತ್ತೆ ಚಾಲೂ ಮಾಡಿದರೆ ಹತ್ತು ನಿಮಿಷ ನಡೆದು ಪುನಃ ಆರುತ್ತದೆ. "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ಸಿಗುತ್ತದೆ. ಆ ದಿನ ಸರ್ವರ್‌ನ ತಪ್ಪೇನೂ ಇರುವುದಿಲ್ಲ. ಬಂದವರ ಒಂದು ದಿನದ ಕೂಲಿ ಮಾತ್ರ ಹೋಗಿರುತ್ತದೆ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಹೊಸ ಗಣಕಯಂತ್ರ ಖರೀದಿಯ ವಿಷಯ ಕಾಣಿಸಿಕೊಳ್ಳುತ್ತದೆ. ಅನುಮೋದನೆಗೆ ಮುನ್ನ ಸದಸ್ಯರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಆ ಪೆಟ್ಟಿಗೆಯನ್ನು ತೆರೆದು ಧೂಳು ತೆಗೆದದ್ದು ಕೊನೆಯ ಬಾರಿ ಯಾವಾಗ?

ಕಚೇರಿಗಳಲ್ಲಿ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎಂದು ಕರೆಯುವುದು ರೂಢಿ. ವಾಸ್ತವವಾಗಿ ಸಿಪಿಯು ಅಥವಾ ಪ್ರೊಸೆಸರ್ ಎಂಬುದು ಒಳಗೆ ಮದರ್‌ಬೋರ್ಡಿನ ಮೇಲೆ ಕುಳಿತಿರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಬಿಲ್ಲೆ. ಲೆಕ್ಕಾಚಾರವೆಲ್ಲ ನಡೆಯುವುದು ಅಲ್ಲಿಯೇ. ಬಿಸಿ ಹುಟ್ಟುವುದೂ ಅಲ್ಲಿಯೇ. ಆ ಬಿಸಿಯನ್ನು ಹೀರಲು ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿಗಳ ಹೀಟ್ ಸಿಂಕ್ ಇರುತ್ತದೆ. ಎರಡರ ನಡುವೆ ತೆಳುವಾಗಿ ಥರ್ಮಲ್ ಪೇಸ್ಟ್ ಸವರಿರುತ್ತದೆ. ಹೀಟ್ ಸಿಂಕಿನ ಮೇಲೆ ಫ್ಯಾನ್ ಕುಳಿತಿರುತ್ತದೆ. ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಎಂಬುದನ್ನು ನೋಡಿ ಮದರ್‌ಬೋರ್ಡು ಫ್ಯಾನಿನ ವೇಗವನ್ನು ಏರಿಸುತ್ತದೆ, ಇಳಿಸುತ್ತದೆ. ಆದ್ದರಿಂದ ಫ್ಯಾನ್ ಗದ್ದಲ ಮಾಡುತ್ತಿದೆ ಎಂದರೆ ಬಹುತೇಕ ಸಂದರ್ಭಗಳಲ್ಲಿ ಫ್ಯಾನ್ ಕೆಟ್ಟಿಲ್ಲ. ಬಿಸಿ ಹೊರಹೋಗುತ್ತಿಲ್ಲ ಎಂದರ್ಥ. ಜಾಲರಿಗೆ ಹೂಳು ಕಟ್ಟಿದ ಪಂಪ್‌ಸೆಟ್ ಎಷ್ಟು ಜೋರಾಗಿ ನಡೆದರೂ ನೀರು ಕಡಿಮೆಯೇ ಬೀಳುವಂತೆ ಇದು.

ಸಾಮಾನ್ಯ ಕಚೇರಿ ಕೆಲಸದಲ್ಲಿ ಪ್ರೊಸೆಸರಿನ ಉಷ್ಣತೆ 40ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಅದು 100 ಡಿಗ್ರಿಯ ಸಮೀಪಕ್ಕೆ ಹೋದಾಗ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ಕೆಲಸದ ವೇಗವನ್ನು ತಗ್ಗಿಸುತ್ತದೆ; ಆಗಲೂ ಬಿಸಿ ಇಳಿಯದಿದ್ದರೆ ಯಂತ್ರವನ್ನೇ ಆರಿಸುತ್ತದೆ. ಯಂತ್ರ ನಿಧಾನವಾಗಿದೆ ಎಂಬ ದೂರೂ, ಸದ್ದು ಹೆಚ್ಚಾಗಿದೆ ಎಂಬ ದೂರೂ ಹಲವೆಡೆ ಒಂದೇ ದೂರು. ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳಲ್ಲಿ ಉಳಿಸಿದ ಮಾಹಿತಿ ದೂರದ ಸರ್ವರ್‌ನಲ್ಲಿರುವುದರಿಂದ ಅದಕ್ಕೆ ಧಕ್ಕೆಯಿಲ್ಲ. ಆದರೆ ನುಡಿಯಲ್ಲಿ ಬೆರಳಚ್ಚು ಮಾಡಿದ ಸಭಾ ನಡಾವಳಿ, ಪತ್ರಗಳು, ತೆರಿಗೆ ಬಾಕಿಯ ಪಟ್ಟಿ ಇವು ಆ ಪೆಟ್ಟಿಗೆಯ ಹಾರ್ಡ್ ಡಿಸ್ಕಿನಲ್ಲಿಯೇ ಇರುತ್ತವೆ. ಯಂತ್ರ ಪದೇ ಪದೇ ಹಠಾತ್ತನೆ ಆರಿದರೆ ಕಡತಗಳು ಹಾಳಾಗುವ ಸಂಭವವುಂಟು.

ಇನ್ನು ಸದ್ದಿನ ಬಗೆಗಳನ್ನು ಗುರುತಿಸುವುದು. ಇದಕ್ಕೆ ತಂತ್ರಜ್ಞರೇ ಬೇಕೆಂದಿಲ್ಲ, ಕಿವಿ ಸಾಕು. ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಪೆಟ್ಟಿಗೆಯ ಬೇರೆ ಬೇರೆ ಜಾಲರಿಗಳ ಬಳಿಗೂ ಹಿಡಿದರೆ ಸದ್ದು ಎಲ್ಲಿಂದ ಬರುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಹಿಂಬದಿಯಲ್ಲಿ ವಿದ್ಯುತ್ ತಂತಿ ಸಿಕ್ಕಿಸುವ ಕಡೆಯಿಂದ ಬಂದರೆ ಅದು ಎಸ್‌ಎಂಪಿಎಸ್‌ನ ಫ್ಯಾನ್; ಪಕ್ಕದ ಜಾಲರಿಯ ಮಧ್ಯಭಾಗದಿಂದ ಬಂದರೆ ಪ್ರಾಯಶಃ ಪ್ರೊಸೆಸರಿನದು. ಗಾಳಿ ನುಗ್ಗುವಂತಹ ಒಂದೇ ಸಮನೆಯ ಸದ್ದು ಬಿಸಿಯ ಲಕ್ಷಣ. ಟಿಕ್ ಟಿಕ್ ಎಂದು ತಾಳಬದ್ಧವಾಗಿ ಬಂದರೆ ಒಳಗಿನ ಯಾವುದೋ ತಂತಿ ರೆಕ್ಕೆಗೆ ತಾಗುತ್ತಿದೆ. ಬೆಳಿಗ್ಗೆ ಚಾಲೂ ಮಾಡಿದಾಗ ಗರಗರ ಎಂದು, ಸ್ವಲ್ಪ ಹೊತ್ತಿನಲ್ಲಿ ತಗ್ಗಿದರೆ ಫ್ಯಾನಿನ ಬೇರಿಂಗ್ ಸವೆದಿದೆ. ಇವೆಲ್ಲಕ್ಕಿಂತ ಭಿನ್ನವಾಗಿ, ಬಿಟ್ಟು ಬಿಟ್ಟು ಕಟ್ ಕಟ್ ಎಂದು ಲೋಹ ಬಡಿದಂತೆ ಕೇಳಿದರೆ ಅದು ಫ್ಯಾನ್ ಅಲ್ಲ, ಹಾರ್ಡ್ ಡಿಸ್ಕ್. ಆಗ ಉಳಿದ ಕೆಲಸಗಳನ್ನೆಲ್ಲ ಬದಿಗಿಟ್ಟು ಕಡತಗಳನ್ನು ಅದೇ ಗಳಿಗೆಯಲ್ಲಿ ಬೇರೆಡೆ ನಕಲು ಮಾಡಿಸಬೇಕು. ಫ್ಯಾನ್ ಬದಲಿಸಬಹುದು, ಹಾರ್ಡ್ ಡಿಸ್ಕಿನಲ್ಲಿದ್ದ ನಡಾವಳಿಯನ್ನು ಬದಲಿಸಲಾಗದು.

ಧೂಳು ಎಲ್ಲಿಂದ ಬರುತ್ತದೆ ಎಂಬುದನ್ನು ಹಳ್ಳಿಯವರಿಗೆ ವಿವರಿಸಬೇಕಾಗಿಲ್ಲ. ಎರೆಭೂಮಿಯ ಬೇಸಿಗೆ ಗಾಳಿ, ಸುಗ್ಗಿಯ ಕಾಲದ ಹೊಟ್ಟು, ಕಚೇರಿಯ ಮುಂದಿನ ಕಚ್ಚಾ ರಸ್ತೆ ಇವು ಹೊರಗಿನ ಕಾರಣಗಳು. ಒಳಗಿನ ಕಾರಣಗಳನ್ನು ಮಾತ್ರ ಕಚೇರಿಯೇ ಮಾಡಿಕೊಂಡಿರುತ್ತದೆ. ಪೆಟ್ಟಿಗೆ ನೆಲದ ಮೇಲಿದ್ದು, ಯಂತ್ರ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಕಸ ಗುಡಿಸಿದರೆ ಎದ್ದ ಧೂಳನ್ನು ಫ್ಯಾನ್ ಒಳಗೆಳೆದುಕೊಳ್ಳುತ್ತದೆ. ಧೂಳಿನಿಂದ ರಕ್ಷಿಸಲೆಂದು ಹೊದಿಸಿದ ಬಟ್ಟೆಯನ್ನು ತೆಗೆಯದೆಯೇ ಯಂತ್ರ ನಡೆಸುವುದೂ ಉಂಟು. ಆಯುಧಪೂಜೆಯಂದು ಜಾಲರಿಯ ಮೇಲೆಯೇ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಇಳಿಬಿಟ್ಟು, ಊದುಬತ್ತಿಯನ್ನು ಅಲ್ಲಿಯೇ ಸಿಕ್ಕಿಸುವುದುಂಟು; ಪೂಜೆ ನಡೆಯಲಿ, ಆದರೆ ತಿಲಕಕ್ಕೆ ಜಾಲರಿಯಿಲ್ಲದ ಜಾಗವನ್ನು ಆರಿಸಿಕೊಂಡರೆ ಯಂತ್ರಕ್ಕೆ ಉಸಿರಾಟ ಸುಗಮ. ಹೀಗೆ ಸೇರಿದ್ದೆಲ್ಲ ಫ್ಯಾನಿನ ಕೆಳಗೆ, ಹೀಟ್ ಸಿಂಕಿನ ಪಟ್ಟಿಗಳ ಬಾಯಿಗೆ ಕಂಬಳಿಯಂತೆ ಕಟ್ಟಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ರೆಕ್ಕೆಗಳಷ್ಟೇ ಕಾಣುತ್ತವೆ, ಕಂಬಳಿ ಕಾಣುವುದಿಲ್ಲ.

ಶುಚಿಗೊಳಿಸುವ ಮುನ್ನ ಯಂತ್ರವು ವಾರಂಟಿ ಅವಧಿಯಲ್ಲಿದೆಯೇ ಎಂದು ದಾಸ್ತಾನು ವಹಿ ಮತ್ತು ಬಿಲ್ಲು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು. ಇದ್ದರೆ ಸರಬರಾಜುದಾರರನ್ನೇ ಕರೆಸಬೇಕು. ಇಲ್ಲದಿದ್ದರೆ ಯಂತ್ರವನ್ನು ಕ್ರಮವಾಗಿ ಮುಚ್ಚಿ, ವಿದ್ಯುತ್ ತಂತಿಯನ್ನು ಕಳಚಬೇಕು. ಯುಪಿಎಸ್ ಇರುವ ಕಡೆ ಗೋಡೆಯ ಸ್ವಿಚ್ ಆರಿಸಿದ ಮಾತ್ರಕ್ಕೆ ವಿದ್ಯುತ್ ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು. ಪೆಟ್ಟಿಗೆಯನ್ನು ಕಡತಗಳಿಂದ ದೂರ, ಜಗುಲಿಗೆ ಒಯ್ದು, ಅದರ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಬಳಿಕ ಪಕ್ಕದ ಬಾಗಿಲು ತೆಗೆಯಬೇಕು. ಒಣಗಿದ ಮೆತ್ತನೆಯ ಬ್ರಷ್ ಹಾಗೂ ಕೈ ಬ್ಲೋವರ್ ಸಾಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಒದ್ದೆ ಬಟ್ಟೆ ಸರ್ವಥಾ ಕೂಡದು. ಪೆಟ್ಟಿಗೆಯನ್ನು ಪಂಕ್ಚರ್ ಅಂಗಡಿಗೆ ಹೊತ್ತೊಯ್ದು ಗಾಳಿ ಹೊಡೆಸುವುದೂ ಸರಿಯಲ್ಲ. ಆ ಗಾಳಿಯ ಒತ್ತಡ ಹೆಚ್ಚು, ಅದರಲ್ಲಿ ನೀರಿನ ಹನಿಗಳೂ ಇರುತ್ತವೆ. ಎಸ್‌ಎಂಪಿಎಸ್ ಡಬ್ಬಿಯನ್ನು ಕಚೇರಿಯಲ್ಲಿ ಯಾರೂ ತೆರೆಯಬಾರದು; ತಂತಿ ಕಳಚಿದ ಮೇಲೂ ಅದರೊಳಗೆ ಪ್ರಾಣಾಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು.

ಧೂಳು ತೆಗೆದ ಮೇಲೂ ಸದ್ದು ತಗ್ಗದಿದ್ದರೆ ಮೂರು ಸಂಗತಿಗಳನ್ನು ಪರಿಶೀಲಿಸಬೇಕಾಗುತ್ತದೆ. ಮೊದಲನೆಯದು ಯಂತ್ರದ ಹೊರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಕೆಲಸವೂ ನಡೆಯದಿರುವಾಗ ಅಲ್ಲಿ ಸಿಪಿಯು ಬಳಕೆ ಬಹಳ ಹೊತ್ತು ಶೇ. 100ರ ಹತ್ತಿರವೇ ನಿಂತಿದ್ದರೆ ಒಳಗೆ ವೈರಸ್ ಅಥವಾ ಬೇಡದ ತಂತ್ರಾಂಶ ಸೇರಿರುವ ಶಂಕೆ ಪಡಬೇಕು. ಇದು ಸದ್ದಿಗಿಂತ ಗಂಭೀರ ವಿಷಯ. ಅಧಿಕಾರಿಗಳ ಲಾಗಿನ್, ಗುಪ್ತಪದಗಳೆಲ್ಲ ಅದೇ ಯಂತ್ರದಲ್ಲಿ ಬಳಕೆಯಾಗುತ್ತವೆ. ಎರಡನೆಯದು ಹೀಟ್ ಸಿಂಕಿನ ನಾಲ್ಕು ಕಾಲುಗಳು. ಇಂಟೆಲ್ ಪ್ರೊಸೆಸರಿನೊಂದಿಗೆ ಬರುವ ಹೀಟ್ ಸಿಂಕ್ ಒತ್ತಿ ಕೂರಿಸುವ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳ ಮೇಲೆ ನಿಲ್ಲುತ್ತದೆ. ಯಂತ್ರವನ್ನು ಸಾಗಿಸುವಾಗ ಒಂದು ಪಿನ್ನು ಸಡಿಲವಾದರೂ ಹೀಟ್ ಸಿಂಕ್ ಓರೆಯಾಗಿ ಬಿಸಿ ದಾಟುವುದಿಲ್ಲ. ಮೂರನೆಯದು ಒಣಗಿ ಸುಣ್ಣದಂತಾದ ಥರ್ಮಲ್ ಪೇಸ್ಟ್. ಹಳೆಯದನ್ನು ಪೂರ್ತಿ ಒರೆಸಿ ತೆಗೆದು, ಹೆಸರುಕಾಳಿನಷ್ಟು ಹೊಸದನ್ನು ಇಟ್ಟರೆ ಸಾಕು. ಪಿನ್ನು ಮತ್ತು ಪೇಸ್ಟಿನ ಕೆಲಸವನ್ನು ಬಲ್ಲವರ ಕೈಯಿಂದಲೇ ಮಾಡಿಸುವುದು ಲೇಸು.

ಬೇರಿಂಗ್ ಸವೆದಿದ್ದರೆ ಎಣ್ಣೆ ಬಿಟ್ಟು ಕೆಲವು ದಿನ ದೂಡಬಹುದು, ಅಷ್ಟೇ. ಫ್ಯಾನ್ ಬದಲಿಸುವುದೇ ಸರಿಯಾದ ಮಾರ್ಗ. ಫ್ಯಾನ್ ಮತ್ತು ಪೇಸ್ಟ್ ಎರಡೂ ಕೆಲವು ನೂರು ರೂಪಾಯಿಗಳ ಬಾಬತ್ತು. ಹೊಸ ಯಂತ್ರವಾದರೋ ಹತ್ತಾರು ಸಾವಿರ. ಹೊಸ ಯಂತ್ರವನ್ನೂ ಅದೇ ನೆಲದ ಮೇಲೆ, ಅದೇ ಗಾಳಿಯಿಲ್ಲದ ಮೂಲೆಯಲ್ಲಿಟ್ಟರೆ ಅದೂ ಹುಯ್ಯೆನ್ನಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಆದಕಾರಣ ದುರಸ್ತಿ ಅಥವಾ ಖರೀದಿಯ ಪ್ರಸ್ತಾವನೆ ಬಂದಾಗ ಟಿಪ್ಪಣಿಯಲ್ಲಿ ಸದ್ದಿನ ಬಗೆ, ಧೂಳು ತೆಗೆದ ದಿನಾಂಕ, ತೆಗೆಯುವ ಮೊದಲು ಮತ್ತು ಬಳಿಕದ ಉಷ್ಣತೆ ಇವಿಷ್ಟನ್ನು ನಮೂದಿಸುವಂತೆ ಸದಸ್ಯರು ಕೇಳಬಹುದು. ಅನೇಕ ಯಂತ್ರಗಳಲ್ಲಿ ಚಾಲೂ ಮಾಡುವಾಗ ಡಿಲೀಟ್, ಎಫ್2 ಅಥವಾ ಎಫ್10 ಕೀಲಿ ಒತ್ತಿದರೆ ತೆರೆಯುವ ಬಯಾಸ್ ಪುಟದಲ್ಲಿ ಉಷ್ಣತೆಯೂ ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದೂ ಕಾಣಿಸುತ್ತದೆ. ಧೂಳು ತೆಗೆಸುವ ಕೆಲಸವನ್ನು ವರ್ಷಕ್ಕೆ ಎರಡು ಬಾರಿ, ಸುಗ್ಗಿ ಮುಗಿದ ಮೇಲೊಮ್ಮೆ ಮತ್ತು ಮಳೆಗಾಲಕ್ಕೆ ಮುನ್ನ ಒಮ್ಮೆ, ಇಟ್ಟುಕೊಂಡರೆ ಸಾಕಾಗುತ್ತದೆ. ಪೆಟ್ಟಿಗೆಯನ್ನು ನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಅಷ್ಟೇ ದೂರದಲ್ಲಿ ಇಡಿಸುವುದಕ್ಕೆ ನಿರ್ಣಯವೂ ಬೇಕಾಗಿಲ್ಲ, ಅನುದಾನವೂ ಬೇಕಾಗಿಲ್ಲ. ಈ ಸಭೆಯಿಂದ ಹಿಂದಿರುಗಿದ ದಿನವೇ ಅದನ್ನು ಮಾಡಿಸಬಹುದು.