ಮೋಟಾರಿನ ಚುಕ್ಕಾಣಿ: ಎಡದಿಂದ ಬಲಕ್ಕೆ

ನಮ್ಮ ದೇಶದಲ್ಲಿ ಗಾಡಿಗಳು ರಸ್ತೆಯ ಎಡಮಗ್ಗುಲಲ್ಲಿ ನಡೆಯುತ್ತವೆ. ಆದುದರಿಂದ ಮೋಟಾರು ನಡೆಸುವವನು ಬಲಗಡೆ ಕುಳಿತಿರುತ್ತಾನೆ. ಅಮೆರಿಕದಲ್ಲಿಯೂ ಯೂರೋಪು ಖಂಡದ ಬಹುಭಾಗದಲ್ಲಿಯೂ ಈ ಕ್ರಮವು ತಿರುಗುಮುರುಗು. ಅಲ್ಲಿಯ ಗಾಡಿಯನ್ನು ಎಡಸಂಚಾರದ ದೇಶಕ್ಕೆ ತಂದಾಗ ಅದರ ಚುಕ್ಕಾಣಿಯನ್ನು ಬಲಗಡೆಗೆ ಸಾಗಿಸುವ ಪ್ರಶ್ನೆ ಹುಟ್ಟುತ್ತದೆ. ಕೇಳುವುದಕ್ಕೆ ಇದು ಮೇಜನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿದಷ್ಟೇ ಸುಲಭವೆಂದು ತೋರುತ್ತದೆ. ವಾಸ್ತವವಾಗಿ ಅದೆಂತಹ ಕೆಲಸವೆಂಬುದನ್ನು ಈ ದಿನ ಸ್ವಲ್ಪ ವಿಚಾರಮಾಡೋಣ.

ಮೊದಲು, ಈ ತೊಂದರೆಯೇಕೆ? ಎಡಸಂಚಾರದ ರಸ್ತೆಯಲ್ಲಿ ಎಡಗಡೆಯೇ ಕುಳಿತವನು ಮುಂದಿನ ಲಾರಿಯನ್ನು ದಾಟಬೇಕಾದರೆ, ಎದುರಿನಿಂದ ಏನು ಬರುತ್ತಿದೆಯೆಂಬುದನ್ನು ಕಾಣುವುದಕ್ಕೆ ಮುಂಚೆಯೇ ಗಾಡಿಯ ಬಹುಭಾಗವನ್ನು ಎದುರುದಾರಿಗೆ ಚಾಚಬೇಕಾಗುತ್ತದೆ. ಸ್ವೀಡನ್ ದೇಶದವರು ಎಡಗಡೆ ನಡೆಯುತ್ತಿದ್ದರೂ ಅವರ ಮೋಟಾರುಗಳಲ್ಲಿ ಬಹುಪಾಲು ಎಡಚುಕ್ಕಾಣಿಯವಾಗಿದ್ದುವು. ೧೯೬೭ರ ಸೆಪ್ಟೆಂಬರ್ ೩ರಂದು ಅವರು ಬಲಸಂಚಾರಕ್ಕೆ ಬದಲಾಯಿಸಿದುದಕ್ಕೆ ಇದೂ ಒಂದು ಕಾರಣ. ಭಾರತದಲ್ಲಿಯೂ ೧೯೮೮ರ ಮೋಟಾರು ವಾಹನ ಕಾಯಿದೆಯು, ಎಡಚುಕ್ಕಾಣಿಯ ಗಾಡಿಗೆ ಗೊತ್ತುಮಾಡಿದ ಸಂಕೇತಸಾಧನವಿಲ್ಲದೆ ಅದನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸಕೂಡದೆಂದು ವಿಧಿಸಿದೆ.

ಇನ್ನು ಯಂತ್ರದ ಮಾತು. ಮನುಷ್ಯಶರೀರವು ಹೊರಗೆ ಎರಡು ಮಗ್ಗುಲಲ್ಲಿಯೂ ಒಂದೇ ಸಮನಾಗಿ ಕಂಡರೂ ಒಳಗೆ ಹೃದಯವೊಂದು ಕಡೆ, ಪಿತ್ತಕೋಶವೊಂದು ಕಡೆ ಇರುವುದಷ್ಟೆ. ಮೋಟಾರೂ ಹಾಗೆಯೇ. ಎಡಚುಕ್ಕಾಣಿಯ ಗಾಡಿಯಲ್ಲಿ ಚುಕ್ಕಾಣಿಯ ದಂಡವು ಇಳಿದುಹೋಗುವುದಕ್ಕೆ ಎಡಗಡೆ ದಾರಿ ಬಿಟ್ಟಿರುತ್ತಾರೆ. ಬಲಗಡೆ ಅದೇ ಜಾಗದಲ್ಲಿ ಕೆಂಪಗೆ ಕಾಯುವ ಹೊಗೆಕೊಳವೆಯೋ ಬ್ಯಾಟರಿಯೋ ಇದ್ದೀತು. ದಂಡವನ್ನು ಕೀಲುಗಳ ಮೂಲಕ ಬಳಸಿ ಒಯ್ಯಬೇಕು. ಬಾಗು ಹೆಚ್ಚಾದರೆ ಚಕ್ರವು ಒಂದೇ ಸಮನಾಗಿ ತಿರುಗದೆ ಒಮ್ಮೆ ಹಗುರ, ಒಮ್ಮೆ ಬಿಗಿಯಾಗುವುದು.

ದಂಡದ ತುದಿಯಲ್ಲಿರುವ ಹಲ್ಲುಚಕ್ರವು ಹಲ್ಲುಗಳುಳ್ಳ ಸಲಾಕೆಯೊಂದನ್ನು ಅತ್ತಿತ್ತ ತಳ್ಳುತ್ತದೆ. ಆ ಸಲಾಕೆಯೇ ಮುಂದಿನ ಗಾಲಿಗಳನ್ನು ತಿರುಗಿಸುವುದು. ಎಡಗಡೆಯ ಯಂತ್ರವನ್ನೇ ತುದಿಗೆ ತುದಿ ತಿರುಗಿಸಿ ಬಲಗಡೆಗೆ ಜೋಡಿಸಿದರಾಗದೇ ಎಂದು ಕೇಳಬಹುದು. ಹಾಗೆ ಮಾಡಿದರೆ ಹಲ್ಲುಚಕ್ರವು ಸಲಾಕೆಯ ಹಿಂದಿನಿಂದ ಮುಂದಕ್ಕೆ ಬಂದು, ಚಕ್ರವನ್ನು ಬಲಕ್ಕೆ ತಿರುಗಿಸಿದಾಗ ಗಾಡಿಯು ಎಡಕ್ಕೆ ಹೊರಳುವುದು! ಬೇಕಾದದ್ದು ತಿರುಗಿಸಿದ ಯಂತ್ರವಲ್ಲ, ಕನ್ನಡಿಯೊಳಗಿನ ಪ್ರತಿಬಿಂಬದಂತಹ ಯಂತ್ರ. ಎರಡು ಬಗೆಯ ದೇಶಗಳಿಗೂ ಗಾಡಿ ಮಾರುವವರು ಅದನ್ನು ತಯಾರಿಸಿಯೇ ಇಟ್ಟಿರುತ್ತಾರೆ; ಒಂದೇ ಬಗೆ ಮಾರುವವರ ಗಾಡಿಗೆ ಅದನ್ನು ಹೊಸದಾಗಿ ಮಾಡಿಸಬೇಕು. ಸಲಾಕೆಯ ತುದಿಗಳು ಮೊದಲಿದ್ದ ಸ್ಥಾನದಿಂದ ಸ್ವಲ್ಪ ಮೇಲೋ ಕೆಳಗೋ ಆದರೂ, ಗಾಡಿಯು ಹಳ್ಳಕ್ಕೆ ಬಿದ್ದೆದ್ದಾಗ ಗಾಲಿಗಳು ತಾವಾಗಿ ಪಕ್ಕಕ್ಕೆ ತಿರುಗುವುವು.

ಬ್ರೇಕಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಎಂಜಿನಿಗೂ ಕುಳಿತವರಿಗೂ ನಡುವೆ ಇರುವ ತಗಡಿನ ಗೋಡೆಗೆ ಬ್ರೇಕಿನ ಸಿಲಿಂಡರನ್ನು ಬಿಗಿದಿರುತ್ತಾರೆ. ಆ ಭಾಗದ ಗೋಡೆಗೆ ಹೆಚ್ಚು ಬಲ ಕೊಟ್ಟಿರುತ್ತಾರೆ. ಬಲಗಡೆ ಬರಿಯ ರಂಧ್ರ ಕೊರೆದರೆ ಸಾಲದು, ಗೋಡೆಯನ್ನೂ ಬಲಪಡಿಸಬೇಕು. ಇಲ್ಲವಾದರೆ ಆಪತ್ತಿನಲ್ಲಿ ಮೆಟ್ಟಿದ ಶಕ್ತಿಯ ಒಂದು ಪಾಲು ತಗಡನ್ನು ಬಗ್ಗಿಸುವುದರಲ್ಲಿಯೇ ವ್ಯಯವಾಗುವುದು. ಕೆಲವರು ಸಿಲಿಂಡರನ್ನು ಎಡಗಡೆಯೇ ಬಿಟ್ಟು, ಬಲಗಡೆಯ ಪೆಡಲಿನಿಂದ ಅಲ್ಲಿಗೆ ಅಡ್ಡಸರಳನ್ನು ಹಾಯಿಸುತ್ತಾರೆ. ದೊಡ್ಡ ಕಾರ್ಖಾನೆಗಳೂ ಅನುಸರಿಸಿರುವ ಈ ಕ್ರಮದಲ್ಲಿ ಸರಳು ಸ್ವಲ್ಪವೂ ಬಾಗದಷ್ಟು ಗಟ್ಟಿಯಾಗಿರಬೇಕು. ಪಕ್ಕದಲ್ಲಿ ಕುಳಿತವರ ಕಾಲು ಅದಕ್ಕೆ ತಗಲದಂತೆ ಮರೆಯೂ ಇರಬೇಕು.

ಉಳಿದ ಅಂಗಗಳೂ ಈ ಬದಲಾವಣೆಗೆ ಒಳಗಾಗಬೇಕಾದುವೇ. ಎಡಚುಕ್ಕಾಣಿಯ ಗಾಡಿಯ ತಗ್ಗಿಸಿದ ದೀಪವು ಬಲಬದಿಯನ್ನು ಹೆಚ್ಚಾಗಿ ಬೆಳಗುವಂತೆ ಮಾಡಿರುವುದರಿಂದ, ಇಲ್ಲಿ ಅದು ಎದುರು ಬರುವವನ ಕಣ್ಣು ಕುಕ್ಕುವುದು. ಮಳೆಯ ನೀರನ್ನೊರಸುವ ಕಡ್ಡಿಗಳು ಗಾಜಿನ ಎಡಭಾಗವನ್ನು ಚೊಕ್ಕಟಮಾಡಿ, ಈಗ ನಡೆಸುವವನಿರುವ ಬಲಮೂಲೆಯನ್ನು ಬಿಟ್ಟುಬಿಡುವುವು. ಈಚಿನ ಗಾಡಿಗಳಲ್ಲಿ ಅಪಘಾತವಾದಾಗ ಉಬ್ಬಿ ಕಾಪಾಡುವ ಗಾಳಿಚೀಲಗಳುಂಟು. ಅವು ಆಯಾ ಆಸನಕ್ಕೆ ತಕ್ಕಂತೆ ರಚಿಸಿದುವಾದ್ದರಿಂದ, ಅವುಗಳ ಸ್ಥಾನವನ್ನು ಅದಲುಬದಲು ಮಾಡಿ ಸುಮ್ಮನಿರುವಂತಿಲ್ಲ.

ಇವೆಲ್ಲವನ್ನೂ ಕ್ರಮವಾಗಿ ಮಾಡಲು ಸಾಧ್ಯವೆಂಬುದಕ್ಕೆ ಆಸ್ಟ್ರೇಲಿಯವೇ ನಿದರ್ಶನ. ಅಮೆರಿಕದಲ್ಲಿ ಎಡಚುಕ್ಕಾಣಿಯದಾಗಿಯೇ ತಯಾರಾಗುತ್ತಿದ್ದ ಷೆವರ್ಲೆ ಕಮಾರೊ ಗಾಡಿಯನ್ನು ಮೆಲ್ಬೋರ್ನಿನ ಎಚ್.ಎಸ್.ವಿ. ಸಂಸ್ಥೆಯವರು ೨೦೧೮ರಿಂದ ಕೆಲವು ಕಾಲ ಬಲಚುಕ್ಕಾಣಿಗೆ ಮಾರ್ಪಡಿಸಿ ಮಾರಿದರು. ಅದು ಲೆಕ್ಕ ಹಾಕಿ, ಅಚ್ಚು ಮಾಡಿಸಿ, ಪರೀಕ್ಷಿಸಿ ನಡೆಸಿದ ಕಾರ್ಖಾನೆಯ ಕೆಲಸ. ದಂಡವನ್ನು ಕತ್ತರಿಸಿ ಬೆಸೆದು, ಇಲ್ಲವೆ ಎಡದ ಯಂತ್ರಕ್ಕೆ ಬಲದಿಂದ ಸರಪಣಿ ಬಿಗಿದು, ‘ಓಡುತ್ತದೆ, ನೋಡಿ’ ಎಂದು ಕೊಡುವ ಕೆಲಸ ಬೇರೆ. ಅಲ್ಲಿ ಒಂದು ಬೆಸುಗೆ ಬಿಟ್ಟರೆ ಗಾಡಿಗೆ ಚುಕ್ಕಾಣಿಯೇ ಇಲ್ಲ. ಅದರ ಫಲವನ್ನು ಉಣ್ಣುವವರಲ್ಲಿ ದಾರಿಹೋಕರೂ ಸೇರುತ್ತಾರೆ.

ಸಮೋವಾ ದ್ವೀಪದವರು ೨೦೦೯ರ ಸೆಪ್ಟೆಂಬರ್ ೭ರಂದು ಬಲಸಂಚಾರವನ್ನು ಬಿಟ್ಟು ಎಡಸಂಚಾರವನ್ನು ಹಿಡಿದರು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಂದ ಅಗ್ಗದ ಗಾಡಿಗಳು ಬರಲೆಂಬುದು ಉದ್ದೇಶ. ದೇಶವೊಂದರ ರಸ್ತೆಯ ಮಗ್ಗುಲನ್ನು ಒಂದು ಬೆಳಗಿನಲ್ಲಿ ಬದಲಾಯಿಸಬಹುದು. ಒಂದು ಗಾಡಿಯ ಮಗ್ಗುಲನ್ನು ಹಾಗೆ ಬದಲಾಯಿಸಲಾಗದು. ಆದುದರಿಂದ ಮಾರ್ಪಡಿಸಿದ ಗಾಡಿಯನ್ನು ಕೊಳ್ಳುವವರು ಬಣ್ಣವನ್ನೂ ಮೆತ್ತೆಯನ್ನೂ ನೋಡುವುದಕ್ಕೆ ಮೊದಲು ಬಾನೆಟ್ಟನ್ನು ಎತ್ತಿಸಿ, ಚುಕ್ಕಾಣಿಯ ದಂಡವನ್ನೂ ಬ್ರೇಕಿನ ಗೋಡೆಯನ್ನೂ ತಿಳಿದವರಿಂದ ಪರೀಕ್ಷೆ ಮಾಡಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.